ನೈವೇದ್ಯದ ಕೋಸಂಬರಿ

ಶಾಲೆಯ ಹಿತ್ತಲಲ್ಲಿ ತಾವೇ ಬೆಳೆಸಿದ ಸೌತೆಕಾಯಿ, ಕೊತ್ತಂಬರಿ ತಂದು ಮಕ್ಕಳು ಹೆಸರುಬೇಳೆ ಕೋಸಂಬರಿ ಕಲೆಸಿದ್ದರು. ಶಾರದಾ ಪೂಜೆಯ ನೈವೇದ್ಯಕ್ಕೆ ಅವರ ಕೈಯಡುಗೆ ಇದೇ ಮೊದಲು.

"ನೈವೇದ್ಯ ಆಗೋವರೆಗೂ ಯಾರೂ ಬಾಯಿಗೆ ಹಾಕ್ಕೋಬಾರದು. ಶಾರದಮ್ಮ ಮುನಿಸ್ಕೋತಾಳೆ!" ಎಂದು ಹೆದರಿಸಿ ಹೆಡ್‌ಮಿಸ್ ಪಾತ್ರೆಯ ಪಕ್ಕದಲ್ಲೇ ಕಾವಲು ಕೂತಿದ್ದರು.

ವಾರಿಜಾ ಮಿಸ್‌ಗೆ ಮಾತ್ರ ಉಪ್ಪಿನದೇ ಚಿಂತೆ. ಅಪ್ಪ ಅಮ್ಮಂದಿರೆಲ್ಲ ಬರುವವರಿದ್ದರು. ಕೋಸಂಬರಿ ಸಪ್ಪೆಯಾದರೆ ಮಕ್ಕಳ ಮುಖ ಬಾಡೀತು. ರುಚಿ ನೋಡೋಣವೆಂದರೆ ನೋಡುವ ಹಾಗಿಲ್ಲ. ಕೊನೆಗೆ ಅಂದಾಜಿನ ಮೇಲೆ ಇನ್ನೊಂದು ಚಮಚ ಉಪ್ಪು ಎತ್ತಿದರು. ಹೆಡ್‌ಮಿಸ್ ಏನೋ ಹೇಳಲು ಬಾಯಿ ತೆರೆದವರು, ತುಟಿ ಒರೆಸಿಕೊಂಡರು.

"ಬೇಡ ಮಿಸ್, ಉಪ್ಪು ಸರಿಯಾಗಿದೆ," ಎಂದಳು ಒಂದನೇ ಕ್ಲಾಸಿನ ಹರಿಣಿ.

ವಾರಿಜಾ ಮಿಸ್ ಚಮಚ ಕೆಳಗಿಟ್ಟು ಅವಳತ್ತ ತಿರುಗಿದರು. "ಅಯ್ಯೋ, ಎಂಜಲು ಮಾಡಿಬಿಟ್ಯೇನೆ?"

"ಇಲ್ಲ ಮಿಸ್, ನಾನು ಮುಟ್ಟೇ ಇಲ್ಲ."

"ಮತ್ತೆ ನಿಂಗೆ ಹೇಗೆ ಗೊತ್ತಾಯ್ತು?"

"ಹೆಡ್‌ಮಿಸ್ ಒಂದು ಹಿಡಿ ತಿಂದು, ಆಮೇಲೆ ಇನ್ನೊಂದು ಹಿಡಿ ತಗೊಂಡ್ರಲ್ಲ ಮಿಸ್, ಚೆನ್ನಾಗಿಲ್ದಿದ್ರೆ ಮತ್ತೆ ತಗೋತಿದ್ರಾ?"