ಹತ್ತೂಕಾಲಿಗೆ ಮುಚ್ಚುವ ಪರೀಕ್ಷೆ

ವಿನುತಾ ಪೆನ್‌ಡ್ರೈವಿನಲ್ಲಿದ್ದ ಪರೀಕ್ಷೆಯ ಫೈಲನ್ನು ಮೂರನೆಯ ಸಲ ಒತ್ತಿದಳು. ಮೂರನೆಯ ಸಲವೂ ಪರೀಕ್ಷೆ ತೆರೆಯಲಿಲ್ಲ. ನೋಟ್‌ಪ್ಯಾಡ್ ತೆರೆದುಕೊಂಡಿತು, ಅದರ ತುಂಬ ಯಾವ ಭಾಷೆಗೂ ಸೇರದ ಅಕ್ಷರಗಳು.

ಗೋಡೆ ಗಡಿಯಾರದಲ್ಲಿ ಒಂಬತ್ತು ಐವತ್ತೆಂಟು. ಹತ್ತಕ್ಕೆ ಪರೀಕ್ಷೆ ಶುರು. ಹತ್ತೂಕಾಲಾದ ಮೇಲೆ ಯಾರನ್ನೂ ಒಳಗೆ ಬಿಡುವುದಿಲ್ಲ.

“ನಿನ್ನೆ ಸರಿಯಾಗಿತ್ತಲ್ಲ,” ಎಂದಳು.

“ಇತ್ತು ಕಣೆ. ನಾನೂ ನೋಡಿದ್ನಲ್ಲ,” ಎಂದಳು ಮಾನಸ, ಪಕ್ಕದ ಮೇಜಿನಿಂದ.

ಮೈಸೂರಿನ ನರ್ಸಿಂಗ್ ಕಾಲೇಜೊಂದು ಇಡೀ ಕೊಡಗಿಗೆ ಒಂದೇ ಒಂದು ಉಚಿತ ಸೀಟು ಇಟ್ಟಿತ್ತು. ಗೆಳತಿಯರಿಬ್ಬರೂ ಅರ್ಜಿ ಹಾಕಿದ್ದರು. ಪಿಯುಸಿಯಲ್ಲಿ ವಿನುತಾ ಕ್ಲಾಸಿಗೇ ಮೊದಲು. ಮಾನಸ ಎಲ್ಲೋ ನಡುವೆ. ಸೀಟು ತಪ್ಪಿದರೆ ವಿನುತಾ ಸೋಮವಾರದಿಂದ ಅವ್ವನ ಜೊತೆ ನೆಲ್ಯಹುದಿಕೇರಿಯ ಎಸ್ಟೇಟ್ ಕೆಲಸಕ್ಕೆ ಹೋಗಬೇಕು. ಹಾಜರಿ ಬರೆಯುವ ರೈಟರ್ ಅವಳ ಹೆಸರು ಬರೆದುಕೊಂಡೂ ಆಗಿತ್ತು.

ಅವರಿದ್ದ ಎಸ್ಟೇಟ್ ಕೂಲಿಗಳ ಲೈನ್ ಮನೆಯಲ್ಲಿ ನೆಟ್‌ವರ್ಕ್ ಇಲ್ಲ. ಅದಕ್ಕೇ ಅವಳು ಕುಶಾಲನಗರದ ಮಾನಸಳ ಮನೆಗೆ ಬಂದದ್ದು. ಲೆಕ್ಚರರ್ ಒಬ್ಬರು ತಮ್ಮ ಹಳೆಯ ಲ್ಯಾಪ್‌ಟಾಪ್ ಕೊಟ್ಟಿದ್ದರು. ನಿನ್ನೆ ಇದೇ ಮನೆಯಲ್ಲಿ ಅದರಲ್ಲಿ ಅಭ್ಯಾಸದ ಪರೀಕ್ಷೆ ಸಲೀಸಾಗಿ ತೆರೆದಿತ್ತು. “ಬಸ್ಸಿನ ನೂಕುನುಗ್ಗಲಲ್ಲಿ ಬೇಡ, ಇಲ್ಲೇ ಇರಲಿ” ಎಂದು ಮಾನಸಳೇ ಅದನ್ನು ಜೋಪಾನವಾಗಿ ಎತ್ತಿಟ್ಟಿದ್ದಳು.

ಆಮೇಲೆ ಯಾರು ಮುಟ್ಟಿದರು?

ವಿನುತಾಳ ಕಣ್ಣು ಬಾಗಿಲಲ್ಲಿ ನಿಂತಿದ್ದ ಲಿಂಗಮ್ಮನ ಕಡೆ ಹೋಯಿತು. ಮಾನಸಳ ತಾಯಿ. ಬೆಳಿಗ್ಗೆ ಚಪ್ಪಲಿ ಬಿಡುವಾಗಲೇ ಕೇಳಿದ್ದಳು: “ನೀನು ನರ್ಸಮ್ಮ ಆಗ್ಬುಟ್ರೆ ಕಾಫಿ ತಾನೇ ಬಂದು ಚೀಲ ತುಂಬ್ಕತ್ತದಾ?”

ಈಗ ಅಂದಳು: “ಯಾರು ಯಾರು ಅಂತ ಮಿಷನ್ನಿಗೂ ಗೊತ್ತಾಯ್ತದೆ.”

“ಅವ್ವ, ನೀನು ಒಳಗ್ ನಡಿ.” ಮಾನಸ ತನ್ನ ಕುರ್ಚಿ ಬಿಟ್ಟು ಬಂದಳು. ಫೈಲಿನ ಮೇಲೆ ಮೌಸಿನ ಬಲಗುಂಡಿ ಒತ್ತಿದಳು. ‘ಓಪನ್ ವಿತ್’. ಪಟ್ಟಿಯಲ್ಲಿ ನೋಟ್‌ಪ್ಯಾಡ್ ಇತ್ತು, ವರ್ಡ್ ಇತ್ತು. ಪರೀಕ್ಷೆಯ ಬ್ರೌಸರ್ ಮಾತ್ರ ಇರಲಿಲ್ಲ.

“ಸಾಫ್ಟ್‌ವೇರೇ ಹೋಗ್ಬಿಟ್ಟಿದೆ ಕಣೆ.” ಮತ್ತೆ ಡೌನ್‌ಲೋಡ್‌ಗೆ ಹಾಕಿದಳು. ಪರದೆ ಹೇಳಿತು: ಇನ್ನು ಇಪ್ಪತ್ತಾರು ನಿಮಿಷ.

ಹತ್ತೂ ಆರು. ಹತ್ತೂ ಒಂಬತ್ತು.

ಮಾನಸಳ ಹೊಸ ಲ್ಯಾಪ್‌ಟಾಪ್ ಪಕ್ಕದ ಮೇಜಿನಲ್ಲಿ ಸಿದ್ಧವಾಗಿತ್ತು. ಅವಳು ಹೋಗಿ ತನ್ನ ಪರೀಕ್ಷೆ ಶುರು ಮಾಡಬಹುದಿತ್ತು. ಮಾಡಲಿಲ್ಲ. ವಿನುತಾಳ ಬೆನ್ನ ಹಿಂದೆಯೇ ನಿಂತಿದ್ದಳು.

“ನೀನೇನಾದ್ರೂ ಮುಟ್ಟಿದ್ಯಾ?” ವಿನುತಾ ಕೇಳಿಯೇಬಿಟ್ಟಳು.

ಮಾನಸ ಕೋಪಿಸಿಕೊಳ್ಳಲಿಲ್ಲ. ದುಪಟ್ಟಾದ ತುದಿಯಿಂದ ಗೆಳತಿಯ ಕಣ್ಣೊರೆಸಿದಳು.

“ಏಳು. ನನ್ನ ಜಾಗದಲ್ಲಿ ಕೂತ್ಕೊ. ನನ್ನದರಲ್ಲಿ ತೆರೀತದೆ.”

“ಮತ್ತೆ ನೀನು?”

“ನಾನು ಬರೆದ್ರೆ ಸೀಟು ಸಿಗುತ್ತಾ? ನಿಜ ಹೇಳು.”

ವಿನುತಾ ಎದ್ದು ಪಕ್ಕದ ಮೇಜಿಗೆ ಹೋಗಿ ಕೂತಳು. ಅನುಮಾನಪಟ್ಟ ನಾಚಿಕೆಗೆ ಅವಳ ಕಿವಿ ಬಿಸಿಯಾಯಿತು.

ಮಾನಸ ಪೆನ್‌ಡ್ರೈವನ್ನು ಈ ಲ್ಯಾಪ್‌ಟಾಪಿನಿಂದ ಕಿತ್ತು ಆ ಲ್ಯಾಪ್‌ಟಾಪಿಗೆ ಹಾಕಿದಳು. ಫೈಲು ಒತ್ತಿದಳು. ನೋಟ್‌ಪ್ಯಾಡ್ ಬರಲಿಲ್ಲ. ಪರದೆ ಪೂರ್ತಿ ನೀಲಿಯಾಗಿ ಪಾಸ್‌ವರ್ಡ್ ಕೇಳಿತು. ಫೈಲು ಎಲ್ಲರಿಗೂ ಒಂದೇ, ಪಾಸ್‌ವರ್ಡ್ ಮಾತ್ರ ಒಬ್ಬೊಬ್ಬರಿಗೆ ಒಂದೊಂದು. ವಿನುತಾ ಅವಸರದಲ್ಲಿ ತಪ್ಪು ಅಕ್ಷರ ಒತ್ತಿ ಅಳಿಸಿದಳು.

“ಬಿಡು, ನಾನು ಹಾಕ್ತೀನಿ. ಹೇಳು.”

ವಿನುತಾ ಹೇಳಿ ಮುಗಿಸುವ ಮೊದಲೇ ಮಾನಸ ಹಾಕಿಯಾಗಿತ್ತು.

ಹತ್ತೂ ಹದಿಮೂರು. ಪರೀಕ್ಷೆ ತೆರೆಯಿತು. ಈ ಪರೀಕ್ಷೆಗೆ ಕ್ಯಾಮೆರಾ ಇಲ್ಲ. ಬರೆದು ಸಲ್ಲಿಸುವ ತನಕ ಆ ಲ್ಯಾಪ್‌ಟಾಪಿನಲ್ಲಿ ಬೇರೇನೂ ತೆರೆಯದು, ಅಷ್ಟೇ ಕಾವಲು. ಮೇಲ್ತುದಿಯಲ್ಲಿ ಹನ್ನೆರಡು ಅಂಕೆಯ ಒಂದು ನೋಂದಣಿ ಸಂಖ್ಯೆ ಇತ್ತು. ವಿನುತಾ ಮೊದಲ ಪ್ರಶ್ನೆ ಓದತೊಡಗಿದಳು.

“ದಾನ ಮಾಡ್ಬುಟ್ಟಾ? ನಿಮ್ಮಪ್ಪ ಬರ್ಲಿ ತಡಿ!” ಲಿಂಗಮ್ಮನ ದನಿ.

ಮಾನಸ ತಾಯಿಯ ರಟ್ಟೆ ಹಿಡಿದು ಅಡುಗೆಮನೆಗೆ ಕರೆದೊಯ್ದಳು. ಏನೋ ಹೇಳಿದಳು. ಆಮೇಲೆ ಆ ಮನೆಯಲ್ಲಿ ಯಾರೂ ಗಟ್ಟಿಯಾಗಿ ಮಾತಾಡಲಿಲ್ಲ. ಮಿಕ್ಸಿ ತಿರುಗಲಿಲ್ಲ. ಕುಕ್ಕರ್ ಕೂಗಲಿಲ್ಲ. ಗೇಟಿಗೆ ಬಂದ ಮೀನಿನವನನ್ನು ಲಿಂಗಮ್ಮ ಕೈಸನ್ನೆಯಲ್ಲೇ ಕಳಿಸಿದಳು. ಹನ್ನೊಂದಕ್ಕೆ ತಾನೇ ಬಂದು ಒಂದು ಲೋಟ ಬೆಲ್ಲದ ಕಾಫಿ ಇಟ್ಟಳು, ಕೈ ಸುಡದಿರಲೆಂದು ಲೋಟಕ್ಕೆ ಬಟ್ಟೆ ಸುತ್ತಿ.

“ನಿಧಾನಕ್ಕೆ ಬರಿ ಮಗಾ. ಒಂದೂ ತಪ್ಪಬಾರ್ದು.”

ವಿನುತಾ ಒಂದು ಗುಟುಕು ಕುಡಿದಳು. ಈ ಮನೆಯವರಿಗಾಗಿಯಾದರೂ ಚೆನ್ನಾಗಿ ಬರೆಯಬೇಕು ಎಂದುಕೊಂಡಳು. ನೂರು ಪ್ರಶ್ನೆ. ಎಲ್ಲಕ್ಕೂ ಉತ್ತರಿಸಿದಳು. ಸಂದೇಹವಿದ್ದ ಏಳನ್ನು ಮತ್ತೆ ಓದಿ ಎರಡನ್ನು ತಿದ್ದಿದಳು. ಹುಟ್ಟಿದ ಮೇಲೆ ಇಷ್ಟು ಚೆನ್ನಾಗಿ ಯಾವ ಪರೀಕ್ಷೆಯನ್ನೂ ಬರೆದಿರಲಿಲ್ಲ.

ಹನ್ನೆರಡೂಕಾಲಿಗೆ ‘ಸಲ್ಲಿಸಿ’ ಒತ್ತಿದಳು. ಎದ್ದು ಹೋಗಿ ಮಾನಸಳನ್ನು ಅಪ್ಪಿಕೊಂಡು ಅತ್ತಳು.

“ನಿನ್ನ ಸೀಟು ನಾನು ಕಿತ್ಕೊಂಡೆ ಕಣೆ.”

ಮಾನಸ ಅವಳ ಬೆನ್ನು ಸವರಿದಳು. “ಹಾಗನ್ಬೇಡ. ನೀನು ಯಾರದನ್ನೂ ಕಿತ್ಕೊಂಡಿಲ್ಲ.”

ವಿನುತಾ ಕಣ್ಣೊರೆಸಿಕೊಂಡು ಪರದೆಯ ಕಡೆ ತಿರುಗಿದಳು.

“ಧನ್ಯವಾದ, ಮಾನಸ ಕೆಂಪಣ್ಣ. ನಿಮ್ಮ ನೂರೂ ಉತ್ತರಗಳನ್ನು ಸ್ವೀಕರಿಸಲಾಗಿದೆ.”