ಕುದುರೆ ಸವಾರನ ಕೊನೆಯ ಮಾತು

"ಅಯ್ಯೋ, ನನ್ನ ಮಗಳನ್ನ ಬಿಟ್ಟುಬಿಡೋ ಪಾಪಿ," ಎಂದು ಭುವನ್ ಮುದುಕನ ದನಿ ತೆಗೆದು ಗೋಳಾಡಿದ.

ಟಿವಿಯಲ್ಲಿ ಮೀಸೆಯ ಖಳ, ಮುದುಕನ ಮಗಳನ್ನು ಕುದುರೆಗೆ ಹೇರಿಕೊಂಡು ಓಡುತ್ತಿದ್ದ. ನೂರು ವರ್ಷ ಹಳೆಯ ಮೂಕಿ ಚಿತ್ರ. ಕಥೆ ಯಾವತ್ತೂ ಅದೇ. ನಾಯಕ ಬೆನ್ನಟ್ಟುತ್ತಾನೆ, ಹುಡುಗಿಯನ್ನು ಬಿಡಿಸುತ್ತಾನೆ, ಟೋಪಿ ಎತ್ತಿ ಹೊರಟುಬಿಡುತ್ತಾನೆ. ಮಾತು ಮಾತ್ರ ಎಲ್ಲರದೂ ಭುವನನದೇ. ನಡುವೆ ಇಂಗ್ಲಿಷ್ ಬರಹ ಬಂದರೆ ಕೈ ಅಡ್ಡ ಹಿಡಿದು ತನ್ನ ಕನ್ನಡ ಸುರಿಯುತ್ತಿದ್ದ. ಮಲೇಷ್ಯಾದ ಸುಬಾಂಗ್ ಜಯಾದಲ್ಲೇ ಹುಟ್ಟಿ ಬೆಳೆದ ಮಗಳು ಇಂಚರಳಿಗೆ ಭಾಷೆ ಕಲಿಸಲು ಅವನು ಕಂಡುಕೊಂಡ ದಾರಿ ಇದು.

"ತುಟಿ ಅವರದು, ಮಾತು ನಿಮ್ಮದು. ಮನೇಲೂ ಹಂಗೇ ಅಲ್ವಾ," ಎಂದಿದ್ದಳು ಒಮ್ಮೆ ಹೆಂಡತಿ ಮೋಹಿನಿ. ಹೊಗಳಿಕೆಯೆಂದುಕೊಂಡು ಮಹಾಶಯ ಬೀಗಿದ್ದ.

ಮೆಲಾಕಾ ಊರಿನ ಗೆಳತಿ ಅನನ್ಯಳ ಮನೆಗೆಂದು ಶುಕ್ರವಾರ ಹೊರಟ ಮೋಹಿನಿ ಈ ಭಾನುವಾರ ಸಂಜೆ ಬರಬೇಕಿತ್ತು. ಅವಳು ಹೊರಟಾಗ ಭುವನ್ ಆಫೀಸಿನಲ್ಲಿದ್ದ, ಮನೆಯಲ್ಲಿ ಇಂಚರ ಒಬ್ಬಳೇ. ಈಗ ಅವಳಿಗಾಗಿ ಮಾಮಕ್ ಹೋಟೆಲಿನಿಂದ ಕಟ್ಟಿಸಿ ತಂದ ರೋಟಿ ಚನಾಯ್ ಪರೋಟ ಆರುತ್ತಿತ್ತು. ಅವಳ ಫೋನ್ ಬೆಳಗಿನಿಂದ ಆಫ್.

"ಚಾರ್ಜ್ ಮುಗಿದಿರುತ್ತೆ ಬಿಡು," ಎಂದ ಭುವನ್. " ಫ್ರಿಜ್ ನೋಡಿದ್ಯಾ? ಎರಡು ದಿನಕ್ಕೆ ಹೋಗೋಳು ಹದಿನೈದು ದಿನಕ್ಕಾಗೋಷ್ಟು ಸಾರು, ಗೊಜ್ಜು ಮಾಡಿಟ್ಟಿದ್ದಾಳೆ. ನಮ್ಮ ಮೇಲೆ ಅಷ್ಟು ಪ್ರಾಣ ಅವಳಿಗೆ."

ಇಂಚರ ಟಿವಿಯಿಂದ ಕಣ್ಣು ತೆಗೆಯಲಿಲ್ಲ.

"ಮುಗೀತಾ ಬಂತು. ಹೀರೋನ ಮಾತು ನೀನಾಡು," ಎಂದ ಭುವನ್.

ಸವಾರ ಟೋಪಿ ಎತ್ತಿದ. ತುಟಿ ಅಲ್ಲಾಡಿತು.

"ಹೋಗ್ತೀನಿ," ಎಂದಳು ಇಂಚರ.

ಭುವನ್ ಚಿತ್ರ ನಿಲ್ಲಿಸಿದ. "ಬಿಡ್ತು ಅನ್ನು. ಹೋಗೋರು ಹೋಗ್ತೀನಿ ಅನ್ನಬಾರದು. ಬರ್ತೀನಿ ಅನ್ನಬೇಕು."

"ಬಟ್ ಹೀ ಈಸ್ ನಾಟ್ ಕಮಿಂಗ್ ಬ್ಯಾಕ್, ಅಪ್ಪಾ."

"ಆದ್ರೂ ಹಾಗೇ ಅನ್ನೋದು. ಮೊನ್ನೆನೂ ಇದೇ ತಪ್ಪು ಮಾಡಿದೆ. ಅಮ್ಮ ಹೊರಡುವಾಗ ಹೋಗ್ತೀನಿ ಅಂದ್ಲು ಅಂತ ನನಗೆ ಹೇಳಿದೆಯಲ್ಲ! ಅವಳು ಮೈಸೂರಲ್ಲಿ ಹುಟ್ಟಿದೋಳು ಕಣೇ. ಆ ಮಾತು ಅಪ್ಪಿತಪ್ಪಿಯೂ ಅವಳ ಬಾಯಲ್ಲಿ ಬರಲ್ಲ. ನಿನ್ನ ಕನ್ನಡ ಇನ್ನೂ ತುಂಬಾ ಸುಧಾರಿಸಬೇಕು."

ನಗುತ್ತಲೇ ಅನನ್ಯಳಿಗೆ ಫೋನ್ ಮಾಡಿ ಸ್ಪೀಕರಿಗೆ ಹಾಕಿದ. "ಏನ್ರೀ, ನನ್ನ ಹೆಂಡತೀನ ಕಳಿಸೋ ಯೋಚನೆ ಇಲ್ವಾ?"

ಅನನ್ಯ ದನಿ ತಗ್ಗಿಸಿದಳು.

"ಭುವನ್, ಮೋಹಿನಿ ಇಲ್ಲಿಗೆ ಬಂದೇ ಇಲ್ಲ. ನಿಮಗೆ ಹೇಳೇ ಮನೆ ಬಿಟ್ಟು ಹೋಗ್ತೀನಿ ಅಂದಿದ್ಲು. ಹೇಳ್ಲಿಲ್ವಾ?"

ಭುವನ್ ಬಾಯಿ ತೆರೆದ. ಊರವರಿಗೆಲ್ಲ ಮಾತು ಕೊಡುತ್ತಿದ್ದವನಿಗೆ ತನ್ನದೊಂದು ಮಾತು ಸಿಗಲಿಲ್ಲ. ಫೋನನ್ನು ಮಡಿಲಿಗೆ ಇಳಿಸಿದ. ಟಿವಿಯಲ್ಲಿ ಸವಾರ ಟೋಪಿ ಎತ್ತಿಕೊಂಡೇ ನಿಂತಿದ್ದ.

ಇಂಚರ ಹತ್ತಿರ ಸರಿದು ಅವನ ಕೈ ಹಿಡಿದಳು. ಯಾವತ್ತೂ ಇಂಗ್ಲಿಷಿನಲ್ಲೇ ಉತ್ತರಿಸುವ ಹುಡುಗಿ ಮೆಲ್ಲಗೆ ಹೇಳಿದಳು.

"ಅಪ್ಪಾ, ನನ್ನ ಕನ್ನಡ ಸರಿಯಾಗೇ ಇತ್ತು."