ಹಳೆಯ ನೀರಿನ ಹಕ್ಕು

ಜನ ಇನ್ನೂ ಕಣಿವೆಯಲ್ಲಿರುವಾಗಲೇ ಅಣೆಕಟ್ಟಿನ ಗೇಟು ಮುಚ್ಚಿದರು. ನೀರು ಆದಿವಾಸಿಗಳ ಹಾಡಿಯ ಅಂಗಳಕ್ಕೆ ಬಂತು. ಹಿಂದೆ ಗುಡ್ಡ, ಗುಡ್ಡಕ್ಕೆ ಅರಣ್ಯ ಇಲಾಖೆಯ ಮುಳ್ಳುತಂತಿ ಬೇಲಿ. ಇಪ್ಪತ್ತು ವರ್ಷದ ಹಿಂದೆ ಹಾಡಿಯವರನ್ನು ಆ ಗುಡ್ಡದ ಕಾಡಿನಿಂದಲೇ ಎಬ್ಬಿಸಿ ಇಲ್ಲಿ ತಂದು ಬಿಟ್ಟಿದ್ದರು.

ದೋಣಿಯಲ್ಲಿ ಬಂದ ಅಧಿಕಾರಿ ಅಂಗಳದ ಮಣ್ಣಿನಿಂದ ನೀರಿನ ಬಸವನಹುಳುವಿನ ಹಳೆಯ ಚಿಪ್ಪೊಂದನ್ನು ಹೆಕ್ಕಿ ಹಾಡಿಯ ಮುದುಕಿ ಕೇತಮ್ಮನಿಗೆ ತೋರಿಸಿದ.

"ನೋಡಮ್ಮ, ಲಕ್ಷ ವರ್ಷದ ಹಿಂದೆ ಇದೆಲ್ಲ ದೊಡ್ಡ ಸರೋವರ. ಆಮೇಲೆ ಮಳೆ ಕಮ್ಮಿಯಾಯ್ತು, ನೀರು ಬತ್ತಿ ಹುಲ್ಲು ಬೆಳೀತು. ಈಗ ನೀರು ತನ್ನ ಮನೆಗೆ ವಾಪಸ್ ಬರ್ತಿದೆ, ಅಷ್ಟೇ."

"ಗೊತ್ತು ಕಣ ಸಾಮಿ. ಆ ಚಿಪ್ಪು ಸುಟ್ಟೇ ನಾವು ಎಲೆಅಡಿಕೆಗೆ ಸುಣ್ಣ ಮಾಡ್ಕೊಳ್ಳೋದು. ಲಕ್ಷ ವರ್ಸ ಬಿಟ್ಟೋಗಿದ್ರೂ ಮನೆ ಅದರದೇನಾ?"

"ಮತ್ತೆ? ಮೊದಲು ಇದ್ದದ್ದು ಅದೇ ತಾನೆ! ಹಕ್ಕು ಎಲ್ಲಿಗೂ ಹೋಗಲ್ಲ. ಬೇಗ ದೋಣಿ ಹತ್ತಿ, ಆಚೆ ದಡದಲ್ಲಿ ತಗಡಿನ ಶೆಡ್ ಹಾಕಿದ್ದೀವಿ."

ಕೇತಮ್ಮ ಮೊಮ್ಮಗಳನ್ನು ಸೊಂಟಕ್ಕೇರಿಸಿ, ಕೊಡಲಿ ಎತ್ತಿಕೊಂಡು ಗುಡ್ಡದ ಕಡೆ ತಿರುಗಿದಳು.

"ಏಯ್, ದೋಣಿ ಈ ಕಡೆ! ಅಲ್ಲಿ ಬೇಲಿ ಇದೆ!"

"ನಾನು ಹತ್ತಲ್ಲ ಸಾಮಿ. ನಾವು ಕಾಡು ಬಿಟ್ಟು ಇನ್ನೂ ಇಪ್ಪತ್ತೇ ವರ್ಸ."